ಬೆಳ್ಳಿ ತಂತಿಯ ಕೆಲಸ

ಇವತ್ತು ವೈನಿ ಜೊತೆ ದುರ್ಗದ ಬೈಲಿನ ಕಡೆ ಹೋದಾಗ ಒಂದು ಅಂಗಡಿಯಲ್ಲಿ ತೆಲಂಗಾಣದ ಕರೀಂನಗರದ ಬೆಳ್ಳಿ ತಂತಿ ಕೆಲಸದ ಕುಂಕುಮ ಭರಣಿ ನೋಡಿದೆ. ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ. ಅಚ್ಚಿನಲ್ಲಿ ಒತ್ತಿ ತೆಗೆದದ್ದಲ್ಲ ಇದು. ಬೆಳ್ಳಿಯನ್ನು ಕಾಯಿಸುತ್ತಾ, ಉಕ್ಕಿನ ಪಟ್ಟಿಯ ದೊಡ್ಡ ತೂತಿನಿಂದ ಸಣ್ಣ ತೂತಿಗೆ ಎಳೆಯುತ್ತಾ ಕೂದಲಿನಷ್ಟು ತೆಳ್ಳಗೆ ಮಾಡಿ, ಎರಡು ಎಳೆ ಹೊಸೆದು, ಚಪ್ಪಟೆ ಮಾಡಿ, ಚಿಮಟದಲ್ಲಿ ಸುರುಳಿ ಸುತ್ತಿ, ದಪ್ಪ ತಂತಿಯ ಚೌಕಟ್ಟಿನೊಳಗೆ ಒಂದೊಂದಾಗಿ ಕೂರಿಸಬೇಕು. ಆಮೇಲೆ ಬಿಳಿಗಾರ, ಬೆಸುಗೆ ಪುಡಿ, ಬೆಂಕಿ. ಕಾವು ಒಂಚೂರು ಜಾಸ್ತಿಯಾದರೂ ತೆಳು ತಂತಿ ಕರಗಿ ಅಷ್ಟೂ ಕೆಲಸ ಹಾಳು.

ಕರೀಂನಗರದ ಈ ಕಲೆಗೆ 2007ರಲ್ಲಿ ಜಿಐ, ಅಂದರೆ ಆ ಊರಿನದೇ ಕೆಲಸ ಅನ್ನೋ ಭೌಗೋಳಿಕ ಗುರುತು ಸಿಕ್ಕಿತು, ಒಡಿಶಾದ ಕಟಕ್‌ನ ಇಂಥದ್ದೇ ಬೆಳ್ಳಿ ತಂತಿ ಕೆಲಸ ತಾರಕಸಿಗೆ 2024ರಲ್ಲಿ. ಸಂತೋಷವೇ. ಆದರೆ ಅಂಗಡಿಯಲ್ಲಿ ನಾವು ಮೊದಲು ಕೇಳೋದು "ಎಷ್ಟು ಗ್ರಾಂ?" ಅಂತ, ಅಲ್ವಾ? ತೂಕಕ್ಕೆ ಸುಮ್ನೆ ದುಡ್ಡು ಎಣಿಸಿ ಕೊಡುತ್ತೇವೆ, ಚೌಕಾಸಿಯೆಲ್ಲ ಮಜೂರಿ ಮೇಲೆ. ಇಂಥ ಕೆಲಸದಲ್ಲಿ ಬೆಳ್ಳಿ ಕಡಿಮೆ, ಕಣ್ಣು ಬೆರಳು ಸವೆಸಿದ್ದೇ ಜಾಸ್ತಿ. ನಮ್ಮೂರಿನ ಪತ್ತಾರರ ಕೈಕೆಲಸಕ್ಕೂ ಇದೇ ಮಾತು. ಇನ್ನು ಮೇಲೆ ಅವರ ಹತ್ತಿರ ಮಜೂರಿ ಕಡಿಮೆ ಮಾಡಿ ಅಂತ ನಾನಂತೂ ಕೇಳೋದಿಲ್ಲ.