ಮುತ್ತಜ್ಜ ಬಿಟ್ಟು ಬಂದ ಕೆಲಸ

ನಮ್ಮ ಮನೆಯಲ್ಲಿ ದೇವರ ಸೇವೆ ಅಂದರೆ ಮೂರೇ ದಾರಿ. ಗಂಡುಮಕ್ಕಳಾದರೆ ಚರ್ಚಿನ ಸಭಾಪಾಲಕರಾಗಬೇಕು, ಇಲ್ಲವೇ ಮಿಷನ್ ಶಾಲೆಯಲ್ಲಿ ಮಾಸ್ತರರಾಗಬೇಕು. ಹೆಣ್ಣುಮಕ್ಕಳಾದರೆ ನರ್ಸ್. ದೊಡ್ಡಪ್ಪ ಸಭಾಪಾಲಕರು, ಅಪ್ಪ ಮಾಸ್ತರರು, ಅತ್ತೆ ನರ್ಸ್. ನಾನು ಬಿ.ಕಾಂ. ಮುಗಿಸಿ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದೆ. ಕೆಲಸ ಚೆನ್ನಾಗಿಯೇ ಇತ್ತು. ಆದರೆ ಯುವಜನರ ಕೂಟಗಳಲ್ಲಿ ಬೈಬಲ್ಲಿನ ಯೆಶಾಯನ ಕತೆ ಬಂದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಯಾರನ್ನು ಕಳುಹಿಸಲಿ ಅಂತ ದೇವರು ಕೇಳುತ್ತಾನೆ, ನಾನಿದ್ದೇನೆ ಅಂತ ಪ್ರವಾದಿ ಹೇಳುತ್ತಾನೆ. ಗೆಳತಿಯರು ಎದ್ದು ನಿಲ್ಲುತ್ತಿದ್ದರು, ನಾನೂ ನಿಲ್ಲುತ್ತಿದ್ದೆ. ಅವರಲ್ಲಿ ಕೆಲವರು ನರ್ಸಿಂಗ್ ಸೇರಿದರು, ಒಬ್ಬಳು ಮಂಗಳೂರಿಗೆ ದೇವಶಾಸ್ತ್ರ ಓದಲು ಹೋದಳು. ನಾನು ಮನೆಗೆ ಬಂದು ರಾತ್ರಿ ಮೊಣಕಾಲೂರಿ ಕೇಳುತ್ತಿದ್ದೆ, ನನ್ನನ್ನು ಎಲ್ಲಿಗೆ ಕಳುಹಿಸುತ್ತೀಯಪ್ಪಾ ಅಂತ. ಬೆಳಿಗ್ಗೆ ಎದ್ದರೆ ಮತ್ತೆ ಅದೇ ಲೆಡ್ಜರು.

ಹೀಗೆ ಕೇಳುವವರು ನಮ್ಮ ಸಭೆಗಳಲ್ಲಿ ಬಹಳ ಜನ ಇದ್ದಾರೆ. ಅವರಿಗೋಸ್ಕರವೇ ಇದನ್ನು ಬರೆಯುತ್ತಿದ್ದೇನೆ.

ಅದು ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸದ ದಿನಗಳ ಒಂದು ಶನಿವಾರ. ಅತ್ತೆ ಕೆಲಸ ಮಾಡುವ ಮಿಷನ್ ಆಸ್ಪತ್ರೆಯ ವ್ಯಾನು ಊರಾಚೆಯ ಕುಷ್ಠರೋಗಿಗಳ ಕಾಲೊನಿಗೆ ಹೊರಟಿತ್ತು. ರಿಜಿಸ್ಟರ್ ಬರೆಯುವ ಹುಡುಗಿ ರಜೆ ಹಾಕಿದ್ದಳು. 'ನಿನಗೆ ಬರೆಯೋ ಕೆಲಸ ರೂಢಿ ಐತಲ್ಲ, ಬಾ' ಅಂತ ಅತ್ತೆ ಕರೆದರು. ಸುಮ್ನೆ ಹೋದೆ.

ಎರಡು ಸಾಲು ಮನೆಗಳು, ಒಂದು ಬೇವಿನ ಮರ, ಪಕ್ಕದಲ್ಲೇ ಹನುಮಪ್ಪನ ಗುಡಿ. ಮರದ ಕೆಳಗೆ ಹತ್ತಾರು ಜನ ಬಕೆಟ್ ನೀರಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದರು. ಪಾದದ ಚರ್ಮ ಒಣಗಿ ಬಿರುಕು ಬಿಡಬಾರದು ಅಂತ ಅವರು ದಿನಾ ಇದನ್ನು ಮಾಡಬೇಕು. ಇಪ್ಪತ್ತು ನಿಮಿಷ ನೆನೆಸಬೇಕು, ಗಟ್ಟಿಯಾದ ಚರ್ಮವನ್ನು ಕಲ್ಲಿನಿಂದ ಉಜ್ಜಬೇಕು, ಒದ್ದೆ ಇರುವಾಗಲೇ ಎಣ್ಣೆ ಹಚ್ಚಬೇಕು. ಆಮೇಲೆ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಬೇಕು. ಯಾಕೆಂದರೆ ಗಾಯವಾದರೆ ಅವರಿಗೆ ಗೊತ್ತಾಗುವುದಿಲ್ಲ. ಕುಷ್ಠರೋಗದ ಕ್ರಿಮಿ ನರಗಳನ್ನು ಹಾಳು ಮಾಡುತ್ತದೆ. ಆರು ತಿಂಗಳೋ ಹನ್ನೆರಡು ತಿಂಗಳೋ ಮಾತ್ರೆ ತೆಗೆದುಕೊಂಡರೆ ರೋಗ ಪೂರ್ತಿ ವಾಸಿಯಾಗುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಆ ಮಾತ್ರೆ ಪುಕ್ಕಟೆ. ಆದರೆ ಬಹಳ ದಿನದಿಂದ ಸತ್ತುಹೋಗಿರುವ ನರ ಮತ್ತೆ ಜೀವ ಪಡೆಯುವುದಿಲ್ಲ. ಆ ಮರದ ಕೆಳಗೆ ಕೂತಿದ್ದ ಒಬ್ಬರಿಗೂ ರೋಗ ಇರಲಿಲ್ಲ. ಎಲ್ಲರೂ ಯಾವಾಗಲೋ ವಾಸಿಯಾದವರು. ಅವರಿಗೆ ಉಳಿದಿದ್ದು ನೋವು ತಿಳಿಯದ ಕಾಲುಗಳು.

ಒಬ್ಬ ಅಜ್ಜನ ಅಂಗಾಲಿನಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಕುಳಿ ಬಿದ್ದಿತ್ತು. ಯಾರೋ ದಾನ ಕೊಟ್ಟ ಚಪ್ಪಲಿಯ ಅಟ್ಟೆ ಕಿತ್ತುಹೋಗಿ, ಅದಕ್ಕೆ ಮೊಳೆ ಹೊಡೆಸಿಕೊಂಡಿದ್ದರು. ಮೊಳೆ ಮೇಲೆದ್ದಿತ್ತು. ಅದನ್ನು ತುಳಿದುಕೊಂಡೇ ಸಂತೆಗೆ ಹೋಗಿ ಬಂದಿದ್ದರು. ಮನೆಯ ನೆಲದ ಮೇಲೆ ರಕ್ತದ ಗುರುತು ನೋಡಿದ ಮೇಲೆಯೇ ಗೊತ್ತಾಗಿದ್ದು.

ಅತ್ತೆ ಬ್ಯಾಂಡೇಜ್ ಸುತ್ತುತ್ತಾ, ಈ ಚಪ್ಪಲಿ ಹಾಕಬೇಡಿ ಅಂತ ಗದರಿದರು. ಅಜ್ಜ ನನ್ನ ಕಡೆ ತಿರುಗಿದರು. ಕೈಯಲ್ಲಿ ಪೆನ್ನು, ರಿಜಿಸ್ಟರ್ ಇದ್ದವಳು ನಾನೊಬ್ಬಳೇ ಅಲ್ವಾ, ದೊಡ್ಡ ಸಾಹೇಬಳು ಅಂದುಕೊಂಡಿರಬೇಕು. 'ಬರಕೋ ಯವ್ವಾ. ಬ್ರೆಡ್ಡು ಕೊಟ್ರು, ಚಾದರ ಕೊಟ್ರು, ಫೋಟೋ ತಗದ್ರು. ನನ್ನ ಕಾಲಿನ ಅಳತಿ ಮಾತ್ರ ಯಾರೂ ತಗೊಳ್ಳಲಿಲ್ಲ' ಅಂದರು. ಬೈಗುಳದ ದನಿಯಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದರು ಅಷ್ಟೆ.

ಆಸ್ಪತ್ರೆಯಲ್ಲಿ ಮೊದಲು ಇಂಥವರಿಗೆ ಚಪ್ಪಲಿ ಮಾಡಿಕೊಡುವವರೊಬ್ಬರು ಇದ್ದರಂತೆ. ಅವರು ನಿವೃತ್ತರಾದ ಮೇಲೆ ಬೇರೆ ಯಾರೂ ಬಂದಿರಲಿಲ್ಲ. ದೂರದಿಂದ ಸಿದ್ಧ ಅಳತೆಯ ಚಪ್ಪಲಿ ತರಿಸುತ್ತಿದ್ದರು. ಆದರೆ ಬೆರಳು ಉದುರಿದ, ಒಂದು ಕಡೆ ವಾಲಿದ ಪಾದಕ್ಕೆ ಸಿದ್ಧ ಅಳತೆ ಹೊಂದುವುದು ಹೇಗೆ?

'ನೀನ ತಗೋ ಅಳತಿ' ಅಂದರು ಅಜ್ಜ.

ರಿಜಿಸ್ಟರಿನ ಹಿಂದಿನ ಹಾಳೆ ಹರಿದು ನೆಲದ ಮೇಲಿಟ್ಟೆ. ಬ್ಯಾಂಡೇಜ್ ಸುತ್ತಿದ ಕಾಲನ್ನು ಎತ್ತಿ ಅದರ ಮೇಲಿಟ್ಟೆ. ಹಿಮ್ಮಡಿ ಬೆಚ್ಚಗಿತ್ತು. ನಾನು ಮುಟ್ಟಿದ್ದು ಅವರಿಗೆ ತಿಳಿಯುತ್ತಿರಲಿಲ್ಲ. ಅದಕ್ಕೇ ಬಗ್ಗಿ ನನ್ನ ಕೈಯನ್ನೇ ನೋಡುತ್ತಿದ್ದರು. ಕಣ್ಣಿನಿಂದ ನೋಡಿಯೇ ತಿಳಿದುಕೊಳ್ಳಬೇಕು, ತನ್ನ ಕಾಲನ್ನು ಇನ್ನೊಬ್ಬರು ಹಿಡಿದಿದ್ದಾರೆ ಅಂತ. ಪೆನ್ನನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆದೆ.

ನನಗೆ ಆಗ ಬೆಳಕು ಕಾಣಿಸಲಿಲ್ಲ, ದನಿ ಕೇಳಿಸಲಿಲ್ಲ. ಸಭೆಯಲ್ಲಿ ದೇವರ ಕರೆಯ ಸಾಕ್ಷಿ ಹೇಳುವಾಗ ಜನ ಅದನ್ನೇ ಎದುರು ನೋಡುತ್ತಾರೆ, ಅದಕ್ಕೇ ಇದನ್ನು ಬಿಚ್ಚಿ ಹೇಳುತ್ತಿದ್ದೇನೆ. ಆಗಿದ್ದು ಇಷ್ಟೇ. ಆ ಹಾಳೆಯನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡಿದ್ದೆ. ಅಳತೆ ತೆಗೆದುಕೊಂಡ ಮೇಲೆ ಚಪ್ಪಲಿ ಕೊಡಬೇಕಲ್ಲ. ಅಜ್ಜ ಕಾಯುತ್ತಿರುತ್ತಾರೆ. ಸೋಮವಾರ ಲೆಡ್ಜರ್ ತೆರೆದಾಗಲೂ ಅದೇ ಯೋಚನೆ.

ಗದಗದ ಬಸ್ ನಿಲ್ದಾಣದ ಹತ್ತಿರ ಕೂರುವ ಒಬ್ಬ ಚಮ್ಮಾರಣ್ಣನ ಹತ್ತಿರ ಹೋದೆ. ಮೊಳೆ ಇಲ್ಲದೆ, ಬರೀ ಹೊಲಿಗೆ ಮತ್ತು ಅಂಟಿನಲ್ಲಿ ಮಾಡಿಕೊಡಬೇಕು ಅಂದೆ. ಹಾಳೆ ನೋಡಿದರು. ಬೆರಳಿನ ಗುರುತೇ ಇಲ್ಲದ ಆ ಪಾದವನ್ನು ನೋಡಿ ಏನೂ ಕೇಳಲಿಲ್ಲ. 'ಇದು ಒಮ್ಮೆಗೆ ಆಗೂದಲ್ಲ, ಹಾಕಿ ನೋಡಬೇಕು, ಬಿಚ್ಚಬೇಕು, ಮತ್ತ ಹೊಲೀಬೇಕು' ಅಂದರು. ಆ ಸಂಜೆಗಳಲ್ಲಿ ಪಕ್ಕದಲ್ಲಿ ಕೂತು ನೋಡುತ್ತಾ ನೋಡುತ್ತಾ ಚರ್ಮ ಕೊಯ್ಯುವ ರಂಪಿಗೆ ಹಿಡಿಯುವುದನ್ನು ಕಲಿತೆ. ನನ್ನ ಕೈಗೆ ಅದು ಹೊಸದು ಅನ್ನಿಸಲೇ ಇಲ್ಲ. ಅದಕ್ಕೊಂದು ಕಾರಣವಿತ್ತು.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಧಾರವಾಡಕ್ಕೆ ಬಂದಿದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ನಮ್ಮ ಬೆಟಗೇರಿಗೆ 1841ರಲ್ಲಿ. ನಮ್ಮ ಮನೆತನ ಸಭೆ ಸೇರಿದ್ದು ಬಹಳ ಆಮೇಲೆ, ಮುತ್ತಜ್ಜನ ಕಾಲದಲ್ಲಿ. ಮುತ್ತಜ್ಜ ಸತ್ತ ದನಗಳ ಚರ್ಮ ಸುಲಿದು, ಹದ ಮಾಡಿ, ಊರಿಗೆಲ್ಲ ಕೆರ ಹೊಲಿದು ಕೊಡುತ್ತಿದ್ದರು. ಕೂಲಿಯ ಜೋಳವನ್ನು ದೂರದಿಂದಲೇ ಸುರಿಯುತ್ತಿದ್ದರಂತೆ. ತಾನೇ ಹೊಲಿದ ಕೆರವನ್ನು ಕಾಲಿಗೆ ಹಾಕಿಕೊಂಡು ಅಗಸಿ ಬಾಗಿಲು ದಾಟುವ ಹಾಗಿರಲಿಲ್ಲ. ದೀಕ್ಷಾಸ್ನಾನ ಆದ ಮೇಲೆ ಮುತ್ತಜ್ಜ ನೇಕಾರಿಕೆ ಕಲಿತರು. ಅಜ್ಜ ಅಕ್ಷರ ಕಲಿತರು. ಅಪ್ಪ ಮಾಸ್ತರರಾದರು.

ಅದಕ್ಕೇ, ಲೆಕ್ಕದ ಕೆಲಸ ಬಿಟ್ಟು ಚಪ್ಪಲಿ ಮಾಡುವ ತರಬೇತಿಗೆ ಹೋಗುತ್ತೇನೆ ಅಂದಾಗ ಅಪ್ಪ ಊಟದ ತಟ್ಟೆ ಬಿಟ್ಟು ಎದ್ದರು. 'ಆ ಕೆಲಸದಿಂದ ಹೊರಗ ಬರಾಕ ನಮಗ ಎರಡು ತಲೆಮಾರು ಬೇಕಾತು. ನೀನು ಬಿ.ಕಾಂ. ಮಾಡಿ ತಿರುಗಿ ಅಲ್ಲಿಗೇ ಹೊಂಟಿಯೇನು? ದೇವರು ಹೇಳಿದ ಅಂತ ಬ್ಯಾರೆ ಹೇಳ್ತಿ.'

ಅಪ್ಪನ ಮಾತಿನಲ್ಲಿ ಅಹಂಕಾರ ಇರಲಿಲ್ಲ. ಗಾಯ ಇತ್ತು. ಅವರು ಹೇಳಿದ್ದು ಸರಿ ಅಂತ ಈಗಲೂ ಅನ್ನುತ್ತೇನೆ. ಬೇರೆ ದಾರಿಯೇ ಇಲ್ಲದವರ ಮೇಲೆ ಹೊರಿಸಿದ ಕೆಲಸವನ್ನು ಯಾರೂ ಪವಿತ್ರ ಅಂತ ಹೊಗಳಬಾರದು. ಮುತ್ತಜ್ಜನಿಗೆ ಅದನ್ನು ಬಿಡುವುದೇ ದೇವರು ಕೊಟ್ಟ ಬಿಡುಗಡೆ. ನನಗೆ ಅದನ್ನು ಮಾಡಲೇಬೇಕು ಅಂತ ಯಾರ ಒತ್ತಾಯವೂ ಇರಲಿಲ್ಲ. ಬೇಡ ಅಂದಿದ್ದರೆ ಕುರ್ಚಿ, ಸಂಬಳ ಎಲ್ಲ ಹಾಗೇ ಇರುತ್ತಿತ್ತು. ಆ ಬಿಡುಗಡೆಯನ್ನು ಮುತ್ತಜ್ಜ ನನಗೂ ಕೊಟ್ಟು ಹೋಗಿದ್ದರು. ಅದನ್ನು ಯಾವುದಕ್ಕೆ ಬಳಸಬೇಕು ಅನ್ನುವುದಷ್ಟೇ ನನ್ನ ಪ್ರಶ್ನೆ. ಅಪ್ಪನಿಗೆ ಇಷ್ಟನ್ನು ಆಗ ಹೇಳಲಾಗಲಿಲ್ಲ. ಅತ್ತೆಯೇ ಮುಂದೆ ನಿಂತು ನನ್ನನ್ನು ವೆಲ್ಲೂರಿನ ಹತ್ತಿರದ ಕರಿಗಿರಿಯ ಕುಷ್ಠರೋಗ ಆಸ್ಪತ್ರೆಗೆ ತರಬೇತಿಗೆ ಕಳಿಸಿದರು.

ಕರಿಗಿರಿಯ ಹೆಸರು ಕುಷ್ಠರೋಗದ ಕೆಲಸ ಮಾಡುವವರಿಗೆಲ್ಲ ಗೊತ್ತು. ಅಲ್ಲಿ ಎಲ್ಲರ ಬಾಯಲ್ಲೂ ಡಾಕ್ಟರ್ ಪಾಲ್ ಬ್ರ್ಯಾಂಡ್ ಅವರ ಮಾತು. ಮಿಷನರಿ ದಂಪತಿಯ ಮಗ, 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದವರು. ಡಾಕ್ಟರಾಗುವ ಆಸೆ ಮೊದಲು ಅವರಿಗೆ ಇರಲಿಲ್ಲ. ಇಂಗ್ಲೆಂಡಿನಲ್ಲಿ ಮನೆ ಕಟ್ಟುವ ಕೆಲಸ, ಬಡಗಿತನ ಕಲಿತರು. ವೈದ್ಯಕೀಯ ಓದಿದ್ದು ಆಮೇಲೆ. 1946ರಲ್ಲಿ ವೆಲ್ಲೂರಿಗೆ ಬಂದರು. ರೋಗದಿಂದ ಬೆರಳು ತಾನಾಗಿಯೇ ಕೊಳೆತು ಉದುರುತ್ತದೆ ಅಂತ ಆಗಿನ ಜನ ನಂಬಿದ್ದರು. ನೋವು ತಿಳಿಯದ್ದರಿಂದ ಆಗುವ ಗಾಯಗಳೇ ಬೆರಳನ್ನು ತಿನ್ನುವುದು ಅಂತ ಅವರು ತೋರಿಸಿಕೊಟ್ಟರು. ರಾತ್ರಿ ಮಲಗಿದ್ದಾಗ ಇಲಿ ಕಡಿದರೂ ರೋಗಿಗಳಿಗೆ ಎಚ್ಚರವಾಗುತ್ತಿರಲಿಲ್ಲ. ಅದು ಗೊತ್ತಾದ ಮೇಲೆ ಮನೆಗೆ ಹೋಗುವ ರೋಗಿಗಳ ಜೊತೆ ಒಂದೊಂದು ಬೆಕ್ಕನ್ನೂ ಕಳಿಸುತ್ತಿದ್ದರಂತೆ. ಅಷ್ಟು ದೊಡ್ಡ ಶಸ್ತ್ರವೈದ್ಯರು ಚಪ್ಪಲಿಯ ಬಗ್ಗೆ ತಲೆ ಕೆಡಿಸಿಕೊಂಡಿದ್ದು ನನಗೆ ಬಹಳ ಧೈರ್ಯ ಕೊಟ್ಟಿತು. ಕೈ ಸರಿಪಡಿಸಿದರೆ ಸಾಲದು, ಮನುಷ್ಯ ನಡೆದು ಕೆಲಸಕ್ಕೆ ಹೋಗಬೇಕು ಅನ್ನುವುದು ಅವರ ಯೋಚನೆ.

ಕಲಿಯುವುದು ಬಹಳ ಇತ್ತು. ಒಳಗಿನ ಪದರಕ್ಕೆ ಎಂ.ಸಿ.ಆರ್. ಅನ್ನುವ ಮೆತ್ತನೆಯ ರಬ್ಬರು. ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಗಬೇಕು, ಬಿಟ್ಟರೆ ಮೇಲೆ ಬರಬೇಕು. ಮುಳ್ಳು, ಗಾಜು ತೂರದ ಹಾಗೆ ಕೆಳಗೆ ಗಟ್ಟಿ ಅಟ್ಟೆ. ಹಿಮ್ಮಡಿಗೆ ಹಿಂದಿನಿಂದ ಪಟ್ಟಿ ಬೇಕೇ ಬೇಕು. ಬೆರಳಿನಲ್ಲಿ ಹಿಡಿತ ಇಲ್ಲದವರ ಕಾಲಿನಿಂದ ಚಪ್ಪಲಿ ಜಾರಿ ಬಿದ್ದರೂ ಅವರಿಗೆ ಗೊತ್ತಾಗುವುದಿಲ್ಲ, ಬರಿಗಾಲಲ್ಲೇ ನಡೆದು ಹೋಗುತ್ತಾರೆ. ಕೈಬೆರಳು ಮಡಚಿಕೊಂಡವರಿಗೆ ಬಕಲ್ ಹಾಕಲಾಗದು, ವೆಲ್ಕ್ರೋ ಇಡಬೇಕು. ಮಸಿ ಹಚ್ಚಿದ ರಬ್ಬರ್ ಹಾಳೆಯ ಮೇಲೆ ರೋಗಿಯನ್ನು ನಡೆಸಿದರೆ ಕೆಳಗಿನ ಕಾಗದದಲ್ಲಿ ಪಾದದ ಗುರುತು ಬೀಳುತ್ತದೆ. ಎಲ್ಲಿ ಜಾಸ್ತಿ ಕಪ್ಪೋ ಅಲ್ಲಿ ಜಾಸ್ತಿ ಭಾರ, ಮುಂದಿನ ಗಾಯವೂ ಅಲ್ಲೇ. ಅಲ್ಲಿನ ಒತ್ತಡ ಕಡಿಮೆಯಾಗುವ ಹಾಗೆ ಒಳ ಪದರವನ್ನು ಕೊರೆಯಬೇಕು.

ಇನ್ನೊಂದು ಮಾತು. ದೂರದಿಂದ ನೋಡಿದರೇ ಗೊತ್ತಾಗುವಂಥ ವಿಚಿತ್ರ ಚಪ್ಪಲಿ ಮಾಡಿದರೆ ಯಾರೂ ಹಾಕಿಕೊಳ್ಳುವುದಿಲ್ಲ. ಅದು ಹಣೆಪಟ್ಟಿ ಕಟ್ಟಿದ ಹಾಗೆ. ಮನೆಯಲ್ಲಿಟ್ಟು ಬರಿಗಾಲಲ್ಲಿ ಸಂತೆಗೆ ಹೋಗುತ್ತಾರೆ. ಅದಕ್ಕೇ ನಾನು ಪೇಟೆಯ ಅಂಗಡಿಗಳ ಮುಂದೆ ನಿಂತು ಈ ವರ್ಷ ಯಾವ ಪಟ್ಟಿ, ಯಾವ ಬಣ್ಣ ನಡೆಯುತ್ತಿದೆ ಅಂತ ನೋಡಿಕೊಂಡು ಬರುತ್ತೇನೆ. ಇದೂ ಪ್ರಾರ್ಥನೆಯಷ್ಟೇ ನನ್ನ ಸೇವೆಯ ಭಾಗ ಅಂತ ಗಟ್ಟಿಯಾಗಿ ನಂಬಿದ್ದೇನೆ. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೇಸು ಕುಷ್ಠರೋಗಿಯನ್ನು ಕೈಚಾಚಿ ಮುಟ್ಟುತ್ತಾನೆ. ಮುಟ್ಟಿದ್ದು ಮೊದಲು, ವಾಸಿಯಾದದ್ದು ಆಮೇಲೆ. ಆ ಮನುಷ್ಯ ಊರೊಳಗೆ ಎಲ್ಲರ ಹಾಗೆ ನಡೆಯಬೇಕು ಅನ್ನುವುದೇ ಯೇಸುವಿನ ಮನಸ್ಸಿನಲ್ಲಿ ಇತ್ತು ಅಂತ ನನಗೆ ಅನ್ನಿಸುತ್ತದೆ.

ತರಬೇತಿಯಿಂದ ಬಂದ ಮೇಲೆ ಆ ಅಜ್ಜನ ಕಾಲಿಗೆ ಹೊಸದಾಗಿ ಅಳತೆ ತೆಗೆದು ಚಪ್ಪಲಿ ಮಾಡಿದೆ. ಕಂದು ಬಣ್ಣದ್ದು. ಹಾಕಿಕೊಂಡು ಗುಡಿಯವರೆಗೆ ಹೋಗಿ ಬಂದರು. ಬಿಚ್ಚಿಸಿ ಅಂಗಾಲು ನೋಡಿದೆ, ಎಲ್ಲೂ ಕೆಂಪಾಗಿರಲಿಲ್ಲ. 'ಹರಳಯ್ಯನ ಮಗಳ ಬಂದಿ ನೋಡವಾ' ಅಂದರು. ಕಲ್ಯಾಣದ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿದ ಕತೆ ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಬಸವಣ್ಣ ಅದನ್ನು ಕಾಲಿಗೆ ಹಾಕಲಿಲ್ಲ, ತಲೆಯ ಮೇಲೆ ಹೊತ್ತುಕೊಂಡರು. ಅಜ್ಜ ಲಿಂಗ ಕಟ್ಟಿದವರು, ನಾನು ಶಿಲುಬೆ ಹಾಕಿಕೊಂಡವಳು. ಅವರು ಕೊಟ್ಟ ಹೆಸರನ್ನು ನಾನು ಆಶೀರ್ವಾದ ಅಂತಲೇ ತೆಗೆದುಕೊಂಡೆ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ನನ್ನ ಚೀಲದಲ್ಲಿದ್ದ ಒಂದು ಚಪ್ಪಲಿ ತೆಗೆದು ಒಳಗಿನ ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. 'ನನ್ನ ಅಜ್ಜನ ಕೈ ಹೊಲಿಗೀನೂ ಹಿಂಗ ಇತ್ತಂತ' ಅಂದರು. ಈಗಲೂ ಸಂಬಂಧಿಕರು ಕೇಳಿದರೆ, ಮಗಳು ಆಸ್ಪತ್ರೆಯಲ್ಲಿ ಇದ್ದಾಳೆ ಅಂತಷ್ಟೇ ಹೇಳುತ್ತಾರೆ. ನನಗೆ ಅದರ ಬೇಸರವಿಲ್ಲ. ಅವರು ದಾಟಿ ಬಂದ ದಾರಿ ನನ್ನದಕ್ಕಿಂತ ಉದ್ದ.

2005ರ ಡಿಸೆಂಬರಿನ ಹೊತ್ತಿಗೆ ಕುಷ್ಠರೋಗ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲ ಅಂತ ಭಾರತ ಘೋಷಿಸಿತು. ರೋಗವೇ ಹೋಯಿತು ಅಂತ ಜನ ತಿಳಿದುಕೊಂಡರು. ಇಂದಿಗೂ ದೇಶದಲ್ಲಿ ವರ್ಷಕ್ಕೆ ಲಕ್ಷದ ಆಸುಪಾಸು ಹೊಸ ರೋಗಿಗಳು ಸಿಗುತ್ತಿದ್ದಾರೆ. ಜೊತೆಗೆ ಈಗ ನನ್ನ ಹತ್ತಿರ ಬರುವವರಲ್ಲಿ ಸಕ್ಕರೆ ಕಾಯಿಲೆಯವರೇ ಜಾಸ್ತಿ. ಅವರ ಕಾಲಿನ ನರಗಳೂ ಹೀಗೇ ಮರಗಟ್ಟುತ್ತವೆ, ಅವರಿಗೂ ಇದೇ ಚಪ್ಪಲಿ ಬೇಕು. ನನ್ನ ಕೋಣೆಯ ಬೆಂಚಿನ ಮೇಲೆ ಕಾಲೊನಿಯ ಅಮ್ಮ ಮತ್ತು ನಿವೃತ್ತ ತಹಶೀಲ್ದಾರರು ಅಕ್ಕಪಕ್ಕ ಕೂತು ಅಳತೆ ಕೊಡುತ್ತಾರೆ. ಮೊದಮೊದಲು ಒಬ್ಬರು ಸ್ವಲ್ಪ ಸರಿದು ಕೂರುತ್ತಾರೆ. ಎರಡನೇ ಸಲ ಬರುವಾಗ ಯಾವ ಎಣ್ಣೆ ಒಳ್ಳೆಯದು ಅಂತ ಇಬ್ಬರೂ ಮಾತಾಡುತ್ತಿರುತ್ತಾರೆ.

ಈ ವಾರ ಒಂದು ಮದುವೆ ಚಪ್ಪಲಿ ಮಾಡುತ್ತಿದ್ದೇನೆ. ಕಾಲೊನಿಯ ಹುಡುಗಿ. ಬೇಗ ಮಾತ್ರೆ ಶುರು ಮಾಡಿದ್ದರಿಂದ ಪೂರ್ತಿ ವಾಸಿಯಾಗಿದ್ದಾಳೆ, ಎಡಪಾದದ ಹೊರಗಡೆ ಮಾತ್ರ ಸ್ಪರ್ಶ ಇಲ್ಲ. ಹುಡುಗನ ಮನೆಯವರಿಗೆ ಎಲ್ಲ ಹೇಳಿಯೇ ಸಂಬಂಧ ಮಾಡಿದ್ದಾರೆ. ಅವಳಿಗೆ ಎತ್ತರದ ಹಿಮ್ಮಡಿ ಬೇಕಿತ್ತು. ಭಾರವೆಲ್ಲ ಮುಂಗಾಲಿಗೆ ಬೀಳುತ್ತದೆ ಅಂತ ಕಾಗದದ ಗುರುತು ತೋರಿಸಿ ಬೇಡ ಅನ್ನಿಸಿದೆ. ಬದಲಿಗೆ ಸೀರೆಯ ಅಂಚಿಗೆ ಹೊಂದುವ ಜರಿ ಬಣ್ಣದ ಪಟ್ಟಿ ಹುಬ್ಬಳ್ಳಿಯಿಂದ ತರಿಸಿದ್ದೇನೆ. ಮದುವೆಗೆ ಮೊದಲು ದಿನಾ ಒಂದಿಷ್ಟು ಹೊತ್ತು ಮನೆಯೊಳಗೆ ಹಾಕಿಕೊಂಡು ಓಡಾಡಬೇಕು, ಬಿಚ್ಚಿದ ಕೂಡಲೇ ಕನ್ನಡಿಯಲ್ಲಿ ಅಂಗಾಲು ನೋಡಬೇಕು, ಎಲ್ಲಾದರೂ ಕೆಂಪು ಕಂಡರೆ ಎಷ್ಟು ಹೊತ್ತಾಗಿದ್ದರೂ ಫೋನ್ ಮಾಡಬೇಕು ಅಂತ ಅವಳಿಗೂ ಅವಳ ತಾಯಿಗೂ ಹೇಳಿದ್ದೇನೆ.