ಮಾರ್ಕೋನಹಳ್ಳಿಯಲ್ಲಿ ಮರದ ಜಿಲೇಬಿ

ದೊಡ್ಡ ಸ್ವಿಮ್‌ಬೇಟ್ ಕಟ್ಟಿ ಮಾರ್ಕೋನಹಳ್ಳಿಯ ಕೊರಮೀನಿಗೆ ಗಾಳ ಹಾಕಬೇಕೆಂಬ ಆಸೆ ಎರಡು ವರ್ಷಗಳಿಂದ ನನ್ನಲ್ಲಿತ್ತು. ಜಲಾಶಯದಲ್ಲಿ ಮೀನು ಹಿಡಿಯುವ ಹಕ್ಕು ಪಡೆದವರನ್ನು ಮೊದಲೇ ಕಂಡು, ಅವರ ಒಪ್ಪಿಗೆ ಕೇಳಿಕೊಂಡು, ದಸರೆಯ ರಜೆಯಲ್ಲಿ ಒಂದು ದಿನ ನಸುಕಿಗೂ ಮುಂಚೆ ನಾನೂ ನನ್ನ ಭಾವಮೈದನೂ ತುಮಕೂರು ಬಿಟ್ಟೆವು. ಗೂಳೂರು, ಹೆಬ್ಬೂರು ದಾಟಿ ಕುಣಿಗಲ್ ಸೇರಿದಾಗ ಇನ್ನೂ ಕತ್ತಲೆಯಿತ್ತು. ಅಲ್ಲಿಂದ ಎಡೆಯೂರಿನ ಕಡೆಯ ಹೆದ್ದಾರಿ ಹಿಡಿದು, ಮುಂದೆ ಹಳ್ಳಿಯ ರಸ್ತೆಗೆ ಹೊರಳಿದ ಮೇಲೆ ತೆಂಗಿನ ತೋಟಗಳ ನಡುವೆ ತೆನೆ ಬಿಟ್ಟ ರಾಗಿ ಹೊಲಗಳು ಒಂದೊಂದಾಗಿ ಕಣ್ಣಿಗೆ ಬೀಳತೊಡಗಿದವು.

ಸ್ವಿಮ್‌ಬೇಟ್ ಎಂದರೆ ಮೀನಿನಂತೆಯೇ ಈಜುವ ನಕಲಿ ಎರೆ. ಬೆರಳುದ್ದದವು ಎಲ್ಲೆಡೆ ಸಿಗುತ್ತವೆ. ನಾನು ಹೇಳುತ್ತಿರುವುದು ಗೇಣುದ್ದದ ಎರೆಗಳ ವಿಷಯ. ಇವುಗಳ ಹುಚ್ಚು ಬೆಳೆದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. 1959ರಲ್ಲಿ ಫ್ಲಾರಿಡಾದ ದೊಡ್ಡಬಾಯಿಯ ಬಾಸ್ ಮೀನಿನ ತಳಿಯನ್ನು ಸ್ಯಾನ್ ಡಿಯಾಗೋದ ಜಲಾಶಯಗಳಿಗೆ ತಂದುಬಿಟ್ಟರು. ಗಾಳಗಾರರಿಗೆಂದು ಅದೇ ಜಲಾಶಯಗಳಿಗೆ ರೇನ್‌ಬೋ ಟ್ರೌಟ್ ಮೀನನ್ನೂ ಸುರಿಯುತ್ತಿದ್ದರು. ಆ ಟ್ರೌಟನ್ನೇ ನುಂಗಿ ನುಂಗಿ ಬಾಸ್ ಕೊಬ್ಬಿ ಬೆಳೆಯಿತು. ಸಣ್ಣ ಎರೆಯತ್ತ ಮುಖವನ್ನೂ ತಿರುಗಿಸದ ಆ ಮುದಿ ಮೀನುಗಳಿಗಾಗಿ ಅಲ್ಲಿಯವರು ಟ್ರೌಟ್‌ನಷ್ಟೇ ದೊಡ್ಡ ಎರೆಗಳನ್ನು ಮರದಲ್ಲಿ ಕೆತ್ತಿದರು, ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದರು.

ಬಾಸ್‌ನ ವಿಶ್ವದಾಖಲೆಯ ಕಥೆಯಲ್ಲೂ ಇಂಥದೇ ಒಂದು ಸಂಗತಿ ಅಡಗಿದೆ. 1932ರ ಜೂನ್ 2ರಂದು ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಹಿಡಿದ ಬಾಸ್ 22 ಪೌಂಡ್ 4 ಔನ್ಸ್, ಅಂದರೆ ಹತ್ತು ಕಿಲೋಗೂ ತುಸು ಹೆಚ್ಚು ತೂಗಿತ್ತು. ಎಪ್ಪತ್ತೇಳು ವರ್ಷಗಳ ನಂತರ, 2009ರ ಜುಲೈ 2ರಂದು, ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಅವರಿಗೆ ಅದಕ್ಕಿಂತ ಒಂದು ಔನ್ಸಿನಷ್ಟು ಮಾತ್ರ ಹೆಚ್ಚು ತೂಕದ ಬಾಸ್ ಸಿಕ್ಕಿತು. ಹಳೆಯ ದಾಖಲೆಯನ್ನು ಮುರಿಯಲು ಕನಿಷ್ಠ ಎರಡು ಔನ್ಸ್ ಹೆಚ್ಚಿರಬೇಕೆಂಬ ನಿಯಮವಿರುವುದರಿಂದ ಇಬ್ಬರ ದಾಖಲೆಯೂ ಸರಿಸಮವೆಂದು ಪರಿಗಣಿತವಾಯಿತು. ಕುರಿತಾ ಬಳಸಿದ ಎರೆ ಜೀವಂತ ಬ್ಲೂಗಿಲ್. ಅದು ಟ್ರೌಟ್‌ನಂತೆ ನೀಳವಾದ ಮೀನಲ್ಲ. ಬೆನ್ನು ಉಬ್ಬಿದ, ತಟ್ಟೆಯಂತೆ ಚಪ್ಪಟೆಯಾದ ಮೀನು. ಅದರ ಚಿತ್ರ ನೋಡಿದ ಕೂಡಲೇ ನನಗೆ ನೆನಪಾದದ್ದು ನಮ್ಮ ಕೆರೆಗಳ ಜಿಲೇಬಿ ಮೀನು.

ತುಮಕೂರಿನ ಕೆರೆಗಳಲ್ಲಿ ಬಾಸ್ ಇಲ್ಲ. ಹೊಂಚು ಹಾಕಿ ಬೇಟೆಯಾಡುವ ದೊಡ್ಡ ಬಾಯಿಯ ಮೀನೆಂದರೆ ಇಲ್ಲಿ ಕೊರಮೀನೇ. ಅದರ ಕಣ್ಣೆದುರು ದಿನವಿಡೀ ಓಡಾಡುವುದು 1952ರಲ್ಲಿ ಭಾರತಕ್ಕೆ ಬಂದು ಈಗ ಕೆರೆ ಕೆರೆಯಲ್ಲೂ ತುಂಬಿಕೊಂಡಿರುವ ಜಿಲೇಬಿ, ಅಂದರೆ ತಿಲಾಪಿಯಾ. ಆದ್ದರಿಂದ ಚನ್ನಪಟ್ಟಣದ ಗೊಂಬೆ ಮಾಡುವವರಿಂದ ಹಾಲೆ ಮರದ ಒಂದು ತುಂಡು ತಂದು, ಹದಿನೇಳು ಸೆಂಟಿಮೀಟರ್ ಉದ್ದದ ಜಿಲೇಬಿಯೊಂದನ್ನು ಕೆತ್ತಿದೆ. ನಡುವೆ ಕತ್ತರಿಸಿ, ಉಕ್ಕಿನ ಬಳೆಗಳಿಂದ ಎರಡೂ ತುಂಡುಗಳನ್ನು ಮತ್ತೆ ಜೋಡಿಸಿದೆ. ಹೊಟ್ಟೆಯಲ್ಲಿ ತೂತು ಕೊರೆದು ಸೀಸ ತುಂಬಿ, ಮನೆಯ ನೀರಿನ ತೊಟ್ಟಿಯಲ್ಲಿ ಬಿಟ್ಟು ನೋಡಿ, ಮತ್ತೆ ಸೀಸ ತೆಗೆದು, ಅದು ತಲೆ ಬಗ್ಗಿಸದೆ ನಿಧಾನವಾಗಿ ಮುಳುಗುವ ಹಾಗೆ ಮಾಡಲು ಒಂಬತ್ತು ಸಂಜೆಗಳು ಹಿಡಿದವು. ಇದರ ಜೊತೆಗೆ ಕ್ಯಾಲಿಫೋರ್ನಿಯಾದಲ್ಲಿರುವ ಅಕ್ಕನ ಮಗ ಕಳಿಸಿಕೊಟ್ಟ ಟ್ರೌಟ್ ಬಣ್ಣದ ಮೆತ್ತನೆಯ ಎರೆಯೂ ಚೀಲದಲ್ಲಿತ್ತು.

ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ನದಿಯನ್ನು ಮಾರ್ಕೋನಹಳ್ಳಿಯಲ್ಲಿ ಕಲ್ಲಿನ ಕಟ್ಟೆಯೂ ಅದರ ಎರಡೂ ಬದಿಗೆ ಚಾಚಿದ ಮಣ್ಣಿನ ಏರಿಯೂ ತಡೆದು ನಿಲ್ಲಿಸಿವೆ. ನೀರು ಮಟ್ಟ ಮೀರಿದರೆ ಯಾರೂ ಬಾಗಿಲು ಎತ್ತಬೇಕಾಗಿಲ್ಲ, ಸೈಫನ್ ತಾನಾಗಿಯೇ ಹೆಚ್ಚಿನ ನೀರನ್ನು ನದಿಗೆ ಹಾಯಿಸುತ್ತದೆ. ನಾವು ಹೋದಾಗ ನೀರು ಆ ಮಟ್ಟಕ್ಕೆ ಬಂದಿರಲಿಲ್ಲ. ಹರಿಗೋಲಿನ ಹಿರಿಯರು ನನ್ನ ಮರದ ಮೀನನ್ನು ಅಂಗೈಯಲ್ಲಿ ತೂಗಿ ನೋಡಿ, "ಸ್ವಾಮಿ, ಇಷ್ಟ್ ದೊಡ್ಡ ಮೀನ್ನ ಎರೆಗೆ ಕಟ್ಟುದ್ರೆ, ನೀವು ಹಿಡಿಯೋ ಮೀನು ಎಷ್ಟಿರ್ಬೇಕು?" ಎಂದು ಕೇಳಿದರು. ಕೊರಮೀನು ಎಂಥ ಜಿಲೇಬಿಯನ್ನು ನುಂಗುತ್ತದೆಂದು ನಾನು ಅವರನ್ನೇ ಕೇಳಿದೆ. "ಬಲೆಗೆ ಬಿದ್ರೆ ತೋರುಸ್ತೀನಿ" ಎಂದರು.

ಜೊಂಡು ಬೆಳೆದ ಒಂದು ಮೂಲೆಯಲ್ಲಿ ಭಾವಮೈದ ಥಟ್ಟನೆ ನನ್ನ ಕೈ ಹಿಡಿದ. ಎರಡು ಮಾರು ದೂರದಲ್ಲಿ ನೀರಿನ ಮೇಲೆ ಮೊರದಗಲದ ಕೆಂಪು ಬಣ್ಣವೊಂದು ಕುದಿಯುವಂತೆ ಮಿಡುಕುತ್ತಿತ್ತು. ಅದು ಕೊರಮೀನಿನ ಮರಿಗಳ ಹಿಂಡು. ಒಂದೊಂದು ಮರಿಯೂ ಅಕ್ಕಿಕಾಳಿಗಿಂತ ತುಸು ಉದ್ದ, ಕಿತ್ತಳೆಗೆಂಪು. ಗಾಳಿ ಕುಡಿಯಲು ಒಟ್ಟಾಗಿ ಮೇಲೇಳುತ್ತಿದ್ದವು, ಒಟ್ಟಾಗಿ ಇಳಿಯುತ್ತಿದ್ದವು. ಅವುಗಳ ಕೆಳಗೆ ಹೆತ್ತ ಮೀನಿನ ಕಪ್ಪು ಬೆನ್ನು ಒಮ್ಮೆ ಕಂಡು ಮರೆಯಾಯಿತು. ಆ ಹಿಂಡಿನ ನಡುವೆ ದೊಡ್ಡ ಎರೆಯನ್ನು ಎಸೆದರೆ ಮೀನು ಖಂಡಿತ ಬಾಯಿ ಹಾಕುತ್ತದೆ. ಅದು ಹಸಿವಿನಿಂದಲ್ಲ, ಮರಿಗಳನ್ನು ಉಳಿಸಿಕೊಳ್ಳಲು. ಅದನ್ನು ಎತ್ತಿಕೊಂಡ ಮರುಗಳಿಗೆಯೇ ಮರಿಗಳು ಉಳಿದ ಮೀನುಗಳ ಪಾಲಾಗುತ್ತವೆ. ಹಾಗೆ ಹಿಡಿದು ಫೋಟೋ ತೆಗೆಸಿಕೊಳ್ಳುವವರನ್ನು ನಾನು ಬಲ್ಲೆ, ಅದನ್ನು ನಾನು ಒಪ್ಪುವುದಿಲ್ಲ. ಹರಿಗೋಲನ್ನು ಆ ಮೂಲೆಯಿಂದ ಹಿಂದಕ್ಕೆ ತಿರುಗಿಸಲು ಹೇಳಿದೆ.

ಹಳೆಯ ನದಿಪಾತ್ರ ದಡಕ್ಕೆ ಹತ್ತಿರ ಬರುವ ಒಂದು ಬಂಡೆಯ ಮೇಲೆ ಇಳಿದೆವು. ಟ್ರೌಟ್ ಬಣ್ಣದ ಎರೆಯನ್ನು ಒಂದು ಗಂಟೆ ಎಸೆದರೂ ಏನೂ ಬರಲಿಲ್ಲ. ಕೊನೆಗೆ ಅದು ಮುಳುಗಿದ ಜಾಲಿಯ ಬೊಡ್ಡೆಗೆ ಸಿಕ್ಕಿಕೊಂಡಿತು. ಹಿರಿಯರು ಹರಿಗೋಲು ತಂದು ಬಿಡಿಸಿಕೊಟ್ಟರು. ಆಮೇಲೆ ಮರದ ಜಿಲೇಬಿಯನ್ನು ಕಟ್ಟಿದೆ. ತೊಂಬತ್ತು ಗ್ರಾಂ ತೂಗುವ ಎರೆಯನ್ನು ಚಾಟಿಯಂತೆ ಬೀಸಿದರೆ ದಾರ ತುಂಡಾಗುತ್ತದೆ; ಕೋಲನ್ನು ನಿಧಾನವಾಗಿ ಹಿಂದಕ್ಕೊಯ್ದು, ಭಾರವನ್ನು ತೂಗಿಬಿಟ್ಟಂತೆ ಎಸೆಯಬೇಕು. ರೀಲಿನ ಹಿಡಿಯನ್ನು ಅರ್ಧ ಸುತ್ತು ತಿರುಗಿಸಿ ನಿಲ್ಲಿಸಿದರೆ ಎರೆ ಎಡಕ್ಕೆ ಜಾರುತ್ತದೆ, ಇನ್ನರ್ಧ ಸುತ್ತಿಗೆ ಬಲಕ್ಕೆ. ಇಡೀ ದಿನಕ್ಕೆ ಒಂದು ಮೀನು ಬಂದರೆ ಪುಣ್ಯ ಎನ್ನುವಂಥ ಕೆಲಸವಿದು. ಆದರೂ ಎರೆಯ ಮೇಲಿಂದ ಕಣ್ಣು ಕೀಳಲಾಗುವುದಿಲ್ಲ.

ಬಿಸಿಲು ಏರಿದ ಮೇಲೆ ಭಾವಮೈದ ಪಿಸುದನಿಯಲ್ಲಿ "ಭಾವ, ಹಿಂದೆ ನೋಡಿ" ಎಂದ. ಎರೆಯ ಹಿಂದೆ ಒಂದು ಮೊಳ ಬಿಟ್ಟು, ತೋಳಿನಷ್ಟು ದಪ್ಪದ ನೆರಳೊಂದು ಬರುತ್ತಿತ್ತು. ಎರೆ ನಿಂತರೆ ಅದೂ ನಿಲ್ಲುತ್ತಿತ್ತು. ಬಂಡೆಯಿಂದ ಮಾರು ದೂರದಲ್ಲಿ ನಾನು ಕೋಲಿನ ತುದಿಯನ್ನು ಒಮ್ಮೆ ಮಿಡಿದಾಗ ಎರೆ ಗಿರ್ರನೆ ತಿರುಗಿ ಮೀನಿಗೆ ಮುಖಾಮುಖಿಯಾಯಿತು. ಕಿವಿರು ಅಗಲವಾಯಿತು, ಬಾಯಿ ತುಸು ತೆರೆಯಿತು; ಕಣ್ಣಿನ ಹಿಂದಿನ ಹುರುಪೆಗಳನ್ನು ಎಣಿಸುವಷ್ಟು ಹತ್ತಿರ. ನನ್ನ ಕೈ ನಡುಗಿ ಎರೆ ಒಂದಿಷ್ಟು ಮೇಲೆದ್ದಿತು. ಮೀನು ಬಾಲ ಬಡಿದು ಆಳಕ್ಕೆ ಇಳಿಯಿತು, ಕಲಕಿದ ಮಣ್ಣು ಮಾತ್ರ ಉಳಿಯಿತು. ಮತ್ತೆ ಎರಡು ಗಂಟೆ ಎಸೆದರೂ ಅದು ಬರಲಿಲ್ಲ.

ಹೊರಡುವ ಹೊತ್ತಿಗೆ ಹಿರಿಯರು ಕೂಗಿ ಕರೆದರು. ಬಲೆಯಲ್ಲಿ ಸಿಕ್ಕ ಕೊರಮೀನು ಅವರ ತಕ್ಕಡಿಯಲ್ಲಿ ಮೂರು ಕಿಲೋ ಇನ್ನೂರು ಗ್ರಾಂ ತೂಗಿತ್ತು. ಹೊಟ್ಟೆ ಸೀಳಿದಾಗ ಒಳಗೊಂದು ಜಿಲೇಬಿ ಸಿಕ್ಕಿತು. ತಲೆಯನ್ನೇ ಮುಂದಾಗಿ ನುಂಗಿದ್ದರಿಂದ ತಲೆಯ ಭಾಗ ಕರಗಿ ಮೂಳೆ ಕಾಣುತ್ತಿತ್ತು. ಬಾಲದ ಕಡೆಯ ಹುರುಪೆ ಹಾಗೆಯೇ ಇತ್ತು. ಅದರ ಪಕ್ಕದಲ್ಲಿ ನನ್ನ ಮರದ ಮೀನನ್ನು ಇಟ್ಟೆ. ನನ್ನದು ಅದಕ್ಕಿಂತ ಎರಡು ಬೆರಳು ಹೆಚ್ಚು ಉದ್ದವಾಗಿತ್ತು, ಬೆನ್ನು ಮಾತ್ರ ಸಾಲದಾಗಿತ್ತು. ದಡದ ಹೊಂಗೆಯಿಂದ ಒಂದು ಕಡ್ಡಿ ಮುರಿದು, ಆ ಜಿಲೇಬಿಯ ಉದ್ದಕ್ಕೆ ಸರಿಯಾಗಿ ಕತ್ತರಿಸಿ, ಬೆನ್ನಿನ ಎತ್ತರಕ್ಕೆ ಚಾಕುವಿನಿಂದ ಒಂದು ಕಚ್ಚು ಹಾಕಿ ಚೀಲದಲ್ಲಿಟ್ಟುಕೊಂಡೆ. ಹಾಲೆ ಮರದ ಇನ್ನೊಂದು ತುಂಡು ಮನೆಯಲ್ಲಿದೆ.