ಖಾಲಿ ಬಿಟ್ಟ ಕಾಲಂ

"ನೀವು ಅಲ್ಲಿ ನಡೆದಿಲ್ಲವೋ, ನಡೆದೂ ಏನೂ ಸಿಗಲಿಲ್ಲವೋ?"

ಜೈಸಲ್ಮೇರ್ ಹತ್ತಿರ ಸ್ವಯಂಸೇವಕನಾಗಿ ಸೇರಿದ ಮೂರನೇ ದಿನ, ನನ್ನ ಫಾರಂ ನೋಡಿ ತಂಡದ ಮೇಡಂ ಕೇಳಿದ್ದು ಇಷ್ಟೇ. ಹನ್ನೊಂದು ಕಂಬಗಳ ಮುಂದೆ ಏನೂ ಬರೆದಿರಲಿಲ್ಲ. ಸಿಕ್ಕಿದ್ದೇ ಏನೂ ಇಲ್ಲ, ಬರೆಯುವುದೇನು ಅಂತ ಸುಮ್ನೆ ಬಿಟ್ಟಿದ್ದೆ.

ಕೆಲಸ ಕೇಳಲು ಸುಲಭ. ದೊಡ್ಡ ಕರೆಂಟ್ ಲೈನಿನ ಕೆಳಗೆ ಕಂಬದಿಂದ ಕಂಬಕ್ಕೆ ನಡೆಯಬೇಕು, ತಂತಿಗೆ ಬಡಿದು ಸತ್ತ ಹಕ್ಕಿಗಳನ್ನು ಹುಡುಕಬೇಕು. ಎಲ್ಲಕ್ಕಿಂತ ಜಾಸ್ತಿ ಚಿಂತೆ ಇರುವುದು ಗೋಡಾವಣ್ ಎಂಬ ಅಳಿವಿನಂಚಿನ ದೊಡ್ಡ ಹಕ್ಕಿಯ ಬಗ್ಗೆ. ನಮ್ಮಲ್ಲಿ ಎರೆಭೂತ, ಎರ್ಲಡ್ಡು ಅನ್ನುತ್ತಾರಲ್ಲ, ಅದೇ. ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಕಂಡಿವೆ. ಉಳಿದಿರುವವುಗಳಲ್ಲಿ ಹೆಚ್ಚಿನವು ಈ ಥಾರ್‌ನಲ್ಲೇ ಇವೆ. ದೊಡ್ಡ ಗಂಡು 15 ಕೆ.ಜಿ. ತೂಗುತ್ತದೆ. ಕಣ್ಣುಗಳು ತಲೆಯ ಅಕ್ಕಪಕ್ಕ ಇರುವುದರಿಂದ ಎದುರಿನದು ಸರಿಯಾಗಿ ಕಾಣುವುದಿಲ್ಲ. ತಂತಿ ಕಂಡ ಮೇಲೆ ಅಷ್ಟು ಭಾರದ ಮೈ ತಿರುಗಿಸಲು ಹೊತ್ತೂ ಇರುವುದಿಲ್ಲ. ಹೆಣ್ಣು ಒಂದು ಸಲಕ್ಕೆ ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ. 2021ರಲ್ಲಿ ಸುಪ್ರೀಂ ಕೋರ್ಟ್ ಸಾಧ್ಯವಿರುವ ಕಡೆ ತಂತಿಗಳನ್ನು ನೆಲದಡಿ ಹಾಕಿ ಎಂದಿತು, 2024ರಲ್ಲಿ ಆ ಆದೇಶ ಸಡಿಲವಾಯಿತು. ಹಾಗಾಗಿ ಯಾವ ಲೈನಿನ ಕೆಳಗೆ ಎಷ್ಟು ಸಾಯುತ್ತವೆ ಎಂಬ ಲೆಕ್ಕ ಬೇಕೇ ಬೇಕು.

ಅಂಥ ಲೆಕ್ಕದಲ್ಲಿ ನಾನು ಖಾಲಿ ಬಿಟ್ಟಿದ್ದೆ. ನಿಜ ಹೇಳಬೇಕೆಂದರೆ, ಹನ್ನೊಂದರಲ್ಲಿ ಎರಡು ಕಡೆ ನಡೆದೇ ಇರಲಿಲ್ಲ. ನಾಯಿಗಳ ಗುಂಪು ಕಂಡು ಸುತ್ತಿ ಹೋಗಿದ್ದೆ. ಯಾವ ಎರಡು? ನೆನಪಿಲ್ಲ. ಮರುದಿನ ಹನ್ನೊಂದನ್ನೂ ಮತ್ತೆ ನಡೆದೆ. ಆರನೇ ಕಂಬದ ಹತ್ತಿರ ಸೇವಣ್ ಹುಲ್ಲಿನ ಬುಡದಲ್ಲಿ ಒಂದು ಹಿಡಿ ಬಿಳಿ ಗರಿ. ನಿನ್ನೆಯೂ ಇತ್ತಾ ಅಂತ ಮೇಡಂ ಕೇಳಿದರು. ಏನು ಹೇಳಲಿ? ಬೈದಿದ್ದರೇ ಚೆನ್ನಾಗಿತ್ತು.

ಬೈಯಲಿಲ್ಲ. ಬದಲಿಗೆ ಒಂದು ಸತ್ತ ಕೋಳಿ ಕೈಗಿಟ್ಟು, ತಂತಿಯ ಕೆಳಗೆ ಇಟ್ಟು ಬಾ ಎಂದರು. ಹೆಣ ಎಷ್ಟು ದಿನ ಉಳಿಯುತ್ತದೆ ಅಂತ ನೋಡಲು ಹೀಗೆ ಮಾಡುತ್ತಾರಂತೆ. ಸಂಜೆ ಇಟ್ಟೆ. ಬೆಳಿಗ್ಗೆ ಊರಿನ ಕಾಕಾ ಜೊತೆ ಹೋದರೆ ಕೋಳಿಯೇ ಇಲ್ಲ. ನಾಲ್ಕು ಗರಿ, ಎಳೆದುಕೊಂಡು ಹೋದ ಗುರುತು, ಅಷ್ಟೇ. ಕಾಕಾ ಕುಕ್ಕರಗಾಲಲ್ಲಿ ಕೂತು ಮರಳನ್ನು ಓದಿದರು. "ನರಿಯಲ್ಲ ಮಗಾ, ನಾಯಿ. ಎರಡು ಬಂದಿವೆ."

ಅಂದರೆ ಒಂದು ರಾತ್ರಿ ತಡವಾದರೂ ಸತ್ತ ಹಕ್ಕಿ ಲೆಕ್ಕಕ್ಕೇ ಸಿಗದೆ ಹೋಗಬಹುದು. ಸೊನ್ನೆ ಅಂದರೆ ಸತ್ತಿಲ್ಲ ಅಂತಲ್ಲ, ಹುಡುಕಿದೆವು ಸಿಗಲಿಲ್ಲ ಅಂತ ಮಾತ್ರ. ಖಾಲಿ ಕಾಲಂ ಅಷ್ಟನ್ನೂ ಹೇಳುವುದಿಲ್ಲ.

ಅವತ್ತು ಫಾರಂ ತುಂಬಲು ನನಗೆ ಯಾವತ್ತಿಗಿಂತ ಜಾಸ್ತಿ ಹೊತ್ತು ಹಿಡಿಯಿತು. ಒಂದನೇ ಕಂಬದಿಂದ ಎರಡಕ್ಕೆ: ನಡೆದೆ, 0. ಎರಡರಿಂದ ಮೂರಕ್ಕೆ: ನಡೆದೆ, 0. ಮೂರರಿಂದ ನಾಲ್ಕಕ್ಕೆ: ನಾಯಿಗಳಿದ್ದವು, ನಡೆದಿಲ್ಲ.